ಫಿನ್‌ಲ್ಯಾಂಡಿನ ಮಕ್ಕಳ ಪಂಚಾಯ್ತಿಯಲ್ಲಿ ನಾನು

ಫಿನ್‌ಲ್ಯಾಂಡ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಆಲೂಗಡ್ಡೆಯ ವಿಷಯ ಹೇಳಿ ಮಾತು ಮುಗಿಸಿಬಿಡುತ್ತಿದ್ದೆ. ಅಲ್ಲಿ ಎರಡು ಹೊತ್ತೂ ಬೇಯಿಸಿದ ಆಲೂಗಡ್ಡೆ, ಹಾಸನದ ಕಡೆಯವಳಿಗೆ ಅದೇನು ಹೊಸದು ಎಂದರೆ ಕೇಳಿದವರು ನಗುತ್ತಿದ್ದರು. ನಾನು ಅಷ್ಟಕ್ಕೇ ತಪ್ಪಿಸಿಕೊಳ್ಳುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯಲು ಇಷ್ಟು ವರ್ಷ ಬೇಕಾಯಿತು.

ಹಾಸನ

ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ನನಗೊಂದು ಹುಚ್ಚು ಹತ್ತಿತು. ಹದಿಹರೆಯದ ಮಕ್ಕಳಿಗೆ ಪಾಠ ಮಾತ್ರ ಸಾಲದು, ಅವರ ಮನೋಬಲ ಬೆಳೆಸಬೇಕು, ಅವರನ್ನು ನಾಯಕರನ್ನಾಗಿ ಮಾಡಬೇಕು ಎಂದು ಹೊರಟೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಒಂದು ವಾರ ಅರಕಲಗೂಡು, ಒಂದು ವಾರ ಚನ್ನರಾಯಪಟ್ಟಣ, ಇನ್ನೊಂದು ವಾರ ಹಾಸನ. ಯಾವುದಾದರೂ ಕಲ್ಯಾಣ ಮಂಟಪವೋ ಶಾಲೆಯ ಹಾಲೋ ಸಿಕ್ಕಿದರೆ ಸಾಕು, ಐವತ್ತು ಅರವತ್ತು ಮಕ್ಕಳು ಸೇರುತ್ತಿದ್ದರು.

ಕಣ್ಣು ಮುಚ್ಚಿಸಿ ಹತ್ತು ನಿಮಿಷ ಕೂರಿಸುತ್ತಿದ್ದೆ. ಸಾಲಾಗಿ ನಿಲ್ಲಿಸಿ, 'ನನ್ನಿಂದ ಆಗುತ್ತದೆ' ಎಂದು ಮೂರು ಸಲ ಗಟ್ಟಿಯಾಗಿ ಹೇಳಿಸುತ್ತಿದ್ದೆ. ವೇದಿಕೆ ಹತ್ತಿಸಿ ಭಾಷಣ ಮಾಡಿಸುತ್ತಿದ್ದೆ, ಭಾಷಣ ಬರೆದುಕೊಡುತ್ತಿದ್ದವಳೂ ನಾನೇ. ಕೊನೆಗೆ ಒಬ್ಬರನ್ನು 'ಉತ್ತಮ ನಾಯಕ' ಎಂದು ಆರಿಸಿ ಪದಕ ಹಾಕುತ್ತಿದ್ದೆ. ಆರಿಸುತ್ತಿದ್ದವಳೂ ನಾನೇ. ತಾಯಿತಂದೆಯರು ಬಂದು, 'ನಿಮ್ಮ ಶಿಬಿರಕ್ಕೆ ಬಂದು ಹೋದ ಮೇಲೆ ನಮ್ಮ ಹುಡುಗ ಎದುರು ಮಾತಾಡುವುದನ್ನೇ ಬಿಟ್ಟಿದ್ದಾನೆ ಮೇಡಂ' ಎನ್ನುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ಖುಷಿಯಿಂದ ಮನೆಗೆ ಬರುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಹಾಸನದ ಒಂದು ಸೇವಾ ಸಂಸ್ಥೆಯವರ ಮೂಲಕ ನನಗೊಂದು ಆಹ್ವಾನ ಬಂತು. ಫಿನ್‌ಲ್ಯಾಂಡಿನಲ್ಲಿ ಬೇಸಿಗೆಯ ಹತ್ತು ದಿನ ಯುವಜನರ ಶಿಬಿರವಿದೆ, ಹಲವು ದೇಶದ ಮಕ್ಕಳು ಬರುತ್ತಾರೆ, ಒಬ್ಬ ಶಿಕ್ಷಕಿ ಮತ್ತು ಇಬ್ಬರು ವಿದ್ಯಾರ್ಥಿಗಳು ಬರಬೇಕು, ಅದರಲ್ಲಿ ಒಬ್ಬಳು ಹುಡುಗಿ. ಹುಡುಗರ ಪೈಕಿ ಯೋಚಿಸುವುದೇ ಬೇಡವಾಗಿತ್ತು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮಗ ಮಹೇಶ ಮೂರು ಸಲ ನನ್ನ ಪದಕ ಗೆದ್ದವನು. ಮೈಕಿನ ಮುಂದೆ ನಿಂತರೆ ಎರಡು ಬೀದಿಗೆ ಕೇಳಿಸುವ ಗಂಟಲು. ಹುಡುಗಿಯರಲ್ಲಿ ಅರಕಲಗೂಡಿನ ಹತ್ತಿರದ ಹಳ್ಳಿಯ ಪವಿತ್ರಳನ್ನು ಆರಿಸಿದೆ. ಹೇಳಿದ ಮಾತು ಮೀರದ ಹುಡುಗಿ, ಹೊರದೇಶದಲ್ಲಿ ತಲೆನೋವು ತರುವುದಿಲ್ಲ, ನಾನು ನೋಡಿದ್ದು ಇಷ್ಟೇ. ಇಬ್ಬರೂ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದರು.

ಪವಿತ್ರಳ ತಂದೆ ಚಂದ್ರಣ್ಣ ಭತ್ತ ಬೆಳೆಯುವ ರೈತರು. ಹೊರಡುವ ದಿನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಸೂಟ್‌ಕೇಸನ್ನು ತಾವೇ ಎತ್ತಿ ಬಸ್ಸಿಗೆ ಹಾಕಿದರು. ಆಮೇಲೆ ನನ್ನ ಎದುರು ನಿಂತು, "ಮಗೀನ ನಿಮ್ಮ ಕೈಗೆ ಕೊಟ್ಟಿವ್ನಿ ಮೇಡಂ. ಕಣ್ಣಾಗೇ ಇಟ್ಕಂಡಿರಿ" ಎಂದರು. ಇಡುತ್ತೇನೆ ಎಂದು ಮಾತು ಕೊಟ್ಟೆ.

ಹೆಲ್ಸಿಂಕಿಯಿಂದ ಬಸ್ಸಿನಲ್ಲಿ

ಹೆಲ್ಸಿಂಕಿಯಲ್ಲಿ ಇಳಿದು ಶಿಬಿರದ ಊರಿಗೆ ನಾಲ್ಕು ಗಂಟೆ ಬಸ್ಸು. ನಮ್ಮ ಹಾಸನದ ಬಸ್ಸು ಹಿರೀಸಾವೆಯಲ್ಲಿ ಕಾಫಿಗೆ ನಿಂತು ಹೊರಡುವಷ್ಟರಲ್ಲಿ ಪಕ್ಕದ ಸೀಟಿನವರ ಊರು, ಜಾತಿ, ಮಗಳ ಬಾಣಂತನ, ಸೊಸೆಯ ತವರು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಬಸ್ಸು ತುಂಬಾ ಜನ, ಒಂದು ಮಾತಿಲ್ಲ. ಫೋನಿಲ್ಲ, ನಗುವಿಲ್ಲ, ಕಂಡಕ್ಟರನ ಕೂಗಿಲ್ಲ. ಒಂದು ಗಂಟೆ ಕಳೆದ ಮೇಲೆ ಮಹೇಶ ನನ್ನ ಕಿವಿಯ ಹತ್ತಿರ ಬಂದು, ಈ ಊರಲ್ಲಿ ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದು ಪಿಸುಗುಟ್ಟಿದ. ನನಗೂ ಹಾಗೇ ಅನ್ನಿಸಿತ್ತು.

ತಡೆಯಲಾರದೆ ಪಕ್ಕದಲ್ಲಿದ್ದ ಹೆಂಗಸಿಗೆ ಡಬ್ಬಿ ತೆರೆದು ಕೋಡುಬಳೆ ಕೊಟ್ಟೆ. ಅವಳು ಒಂದನ್ನೇ ತೆಗೆದುಕೊಂಡು ತಿಂದು ಥ್ಯಾಂಕ್ಸ್ ಹೇಳಿ ಕಿಟಕಿಯ ಕಡೆ ತಿರುಗಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಏನೂ ಹೇಳಲಿಲ್ಲ. ಒಂದೂವರೆ ಗಂಟೆಯ ನಂತರ ಇಳಿಯುವ ಮುಂಚೆ ಚೀಲದಿಂದ ಒಂದು ಚಾಕೊಲೇಟ್ ತೆಗೆದು ನನ್ನ ತೊಡೆಯ ಮೇಲಿಟ್ಟು ಹೋದಳು. ನಮ್ಮ ಸ್ನೇಹ ಅಷ್ಟೇ. ಕಿಟಕಿಯಾಚೆ ಕಾಡು, ಕೆರೆ, ಮತ್ತೆ ಕಾಡು, ಮತ್ತೆ ಕೆರೆ. ನಮ್ಮ ಹೇಮಾವತಿ ಹಿನ್ನೀರಿನ ಹಾಗೆ ವಿಶಾಲವಾದ ನೀರು, ಆದರೆ ದಡದಲ್ಲಿ ಒಬ್ಬ ಮನುಷ್ಯನಾಗಲಿ ಒಂದು ದನವಾಗಲಿ ಕಾಣಲಿಲ್ಲ.

ಮೊದಲ ದಿನ

ಶಿಬಿರ ನಡೆಸುತ್ತಿದ್ದವರು ಅರವತ್ತು ದಾಟಿದ ಲೀನಾ. ನಮ್ಮಲ್ಲೂ ಇರುವ ಹೆಸರು ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಶಿಬಿರದ ಮನೆಯೊಳಗೆ ಹೋಗುವಾಗ ಎಲ್ಲರೂ ಬಾಗಿಲಲ್ಲೇ ಚಪ್ಪಲಿ, ಶೂ ಬಿಟ್ಟರು. ಇವರೂ ನಮ್ಮ ಹಾಗೇ ಅಂದುಕೊಂಡೆ. ಆ ಸಮಾಧಾನ ಅರ್ಧ ಗಂಟೆಯೂ ನಿಲ್ಲಲಿಲ್ಲ. ಹದಿನಾಲ್ಕು ವರ್ಷದ ಹುಡುಗನೊಬ್ಬ, "ಲೀನಾ, ನೀನು ಹಾಕಿದ ಪಟ್ಟಿಯಲ್ಲಿ ತಪ್ಪಿದೆ" ಎಂದ. ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆದಿದ್ದಕ್ಕೇ ನನ್ನ ಎದೆ ಧಸಕ್ಕೆಂದಿತ್ತು. ಲೀನಾ ಪಟ್ಟಿ ನೋಡಿ, ಹೌದಲ್ಲ ಎಂದು ತಿದ್ದಿಕೊಂಡರು. ಮಹೇಶ ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ.

ಆಮೇಲೆ ಪ್ರತಿ ಮಗುವಿಗೂ, ಶಿಕ್ಷಕಿಯರಿಗೂ ಒಂದೊಂದು ಚೂರಿ ಕೊಟ್ಟರು. ಆಟದ ಚೂರಿಯಲ್ಲ, ಮರದ ಹಿಡಿಯ, ಚರ್ಮದ ಒರೆಯ ಚೂರಿ. ಸೌದೆ ಸೀಳಲು, ಕಡ್ಡಿ ಕೆತ್ತಲು ಅಂತೆ. ನಾನು ಮಹೇಶ, ಪವಿತ್ರ ಇಬ್ಬರ ಚೂರಿಯನ್ನೂ ಇಸಿದುಕೊಂಡು ನನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದೆ. ಊಟದ ಹೊತ್ತಿಗೆ ಲೀನಾ ಬಂದು, ನಿನ್ನ ಹತ್ತಿರ ಮೂರು ಚೂರಿ ಯಾಕಿದೆ ಎಂದು ಬಹಳ ಮೆತ್ತಗೆ ಕೇಳಿದರು. ಕೊಟ್ಟುಬಿಡಬೇಕಾಯಿತು.

ಸಂಜೆ ಶಿಕ್ಷಕಿಯರಿಗೆಲ್ಲ ಸೌನಾ. ಕೆರೆಯ ದಡದಲ್ಲಿ ಮರದ ಪುಟ್ಟ ಕೋಣೆ, ಒಳಗೆ ಕಾದ ಕಲ್ಲಿನ ಮೇಲೆ ನೀರೆರಚಿ ಹಬೆ ತೆಗೆದುಕೊಳ್ಳುವುದು. ಎಣ್ಣೆಸ್ನಾನ ಗೊತ್ತಿದ್ದವಳಿಗೆ ಹಬೆ ಏನು ಮಹಾ ಎಂದು ಸೀರೆಯುಟ್ಟೇ ಹೋದೆ. ಬಾಗಿಲು ತೆಗೆದರೆ ಐದಾರು ದೇಶದ ಶಿಕ್ಷಕಿಯರು ಮೈಮೇಲೆ ಒಂದು ನೂಲೂ ಇಲ್ಲದೆ ಸಾಲಾಗಿ ಕೂತು ಪಠ್ಯಕ್ರಮದ ಬಗ್ಗೆ ಚರ್ಚೆ ಮಾಡುತ್ತಿದ್ದರು. ಬಾಗಿಲು ಹಾಕಿಕೊಂಡು ಬಂದವಳು ಹತ್ತು ದಿನವೂ ಆ ಕಡೆ ತಲೆ ಹಾಕಲಿಲ್ಲ.

ಎರಡನೇ ದಿನ

ನನಗೂ ಒಂದು ಗಂಟೆ ಕೊಟ್ಟಿದ್ದರು. ನಮ್ಮ ಕಡೆ ಮನೋಬಲ ಹೇಗೆ ಬೆಳೆಸುತ್ತೇವೆ ಎಂದು ತೋರಿಸಬೇಕಿತ್ತು. ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, 'ನನ್ನಿಂದ ಆಗುತ್ತದೆ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿಸಿದೆ. ಮಹೇಶನ ದನಿ ಕೆರೆಯ ಆಚೆ ದಡಕ್ಕೆ ಹೋಗಿ ಬಂತು. ಮೂರನೆಯ ಸಲ ಮುಗಿದಾಗ ಹುಡುಗಿಯೊಬ್ಬಳು ಕೈಯೆತ್ತಿದಳು. ಹದಿನಾರು ವರ್ಷದ ಐನೊ, ಅದೇ ಊರಿನವಳು. ಏನು ಆಗುತ್ತದೆ ಎಂದು ಕೇಳಿದಳು.

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಕೇಳಿದಳು. ನನ್ನಿಂದ ಆಗುತ್ತದೆ ಅನ್ನುತ್ತಿದ್ದೇವೆ, ಸರಿ, ಏನು ಆಗುತ್ತದೆ? ಈಗ ನಾವು ಏನನ್ನು ಮಾಡಬೇಕು? ಕುಚೋದ್ಯ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು. ಏಳೆಂಟು ವರ್ಷದಲ್ಲಿ ನಾಲ್ಕು ತಾಲ್ಲೂಕಿನ ಎಷ್ಟು ಮಕ್ಕಳ ಬಾಯಲ್ಲಿ ಆ ಮಾತು ಹೇಳಿಸಿದ್ದೆನೋ. ಒಬ್ಬರೂ ಹೀಗೆ ಕೇಳಿರಲಿಲ್ಲ. ಏನನ್ನಾದರೂ ಎಂದೆ. ಐನೊ ತಲೆಯಾಡಿಸಿ ಕೈ ಇಳಿಸಿದಳು.

ನಾಲ್ಕನೇ ದಿನ

ಆ ಶಿಬಿರದ ಮುಖ್ಯ ಪರೀಕ್ಷೆ ನಾಲ್ಕನೇ ದಿನ. ಪ್ರತಿ ಮಗುವೂ ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ ಕಾಡಿನಲ್ಲಿ ಒಂಟಿಯಾಗಿ ಇರಬೇಕು. ಒಂದು ಪ್ಲಾಸ್ಟಿಕ್ ಹಾಳೆ, ನೀರು, ಬ್ರೆಡ್ಡು, ಬೆಂಕಿಪೊಟ್ಟಣ, ಒಂದು ಸೀಟಿ. ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡಿದ ಜಾಗ ಬಿಟ್ಟು ಕದಲಬಾರದು. ಆಪತ್ತು ಬಂದರೆ ಮೂರು ಸಲ ಸೀಟಿ ಊದಬೇಕು, ಸೀಟಿ ಕೇಳಿಸುವಷ್ಟು ದೂರದಲ್ಲಿ ಕಾವಲಿನವರು ಇರುತ್ತಾರೆ. ಅವರನ್ನು ಬಿಟ್ಟು ದೊಡ್ಡವರು ಯಾರೂ ಆ ಕಡೆ ಹೋಗುವಂತಿಲ್ಲ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೂ ಬೆಳಕಿರುವುದರಿಂದ ಕತ್ತಲೆಯ ಮಾತಿಲ್ಲ ಎಂದು ಲೀನಾ ಸಮಾಧಾನ ಹೇಳಿದರು.

ನನಗೆ ಸಮಾಧಾನ ಎಲ್ಲಿಂದ ಬರಬೇಕು? ಹದಿನಾರು ವರ್ಷದ ಹೆಣ್ಣುಮಗುವನ್ನು ಗುರುತಿಲ್ಲದ ದೇಶದ ಕಾಡಿನಲ್ಲಿ ಹನ್ನೆರಡು ಗಂಟೆ ಒಬ್ಬಳನ್ನೇ ಬಿಡುವುದೆಂದರೇನು? ಚಂದ್ರಣ್ಣನವರ ಮುಖ ಕಣ್ಣ ಮುಂದೆ ಬಂತು. ಸಾಧ್ಯವಿಲ್ಲ ಎಂದು ಹಟ ಹಿಡಿದೆ. ಲೀನಾ ವಾದ ಮಾಡಲಿಲ್ಲ. ಪವಿತ್ರಳನ್ನೇ ಕೇಳೋಣ, ಬೇಡ ಅಂದರೆ ಬೇಡ ಎಂದರು.

ಆಗ ನಾನು ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ. ಅಲ್ಲಿ ಯಾರಿಗೂ ಕನ್ನಡ ಬಾರದು ಎಂಬ ಧೈರ್ಯದಲ್ಲಿ ಪವಿತ್ರಳಿಗೆ, ಹೊಟ್ಟೆನೋವು ಎಂದು ಹೇಳಿಬಿಡು, ಮುಗಿಯಿತು ಎಂದೆ. ಮಕ್ಕಳಿಗೆ ಧೈರ್ಯ ಕಲಿಸುವ ಟೀಚರು, ನಾನೇ ನಿಂತು ಸುಳ್ಳು ಹೇಳಿಕೊಟ್ಟೆ.

ಪವಿತ್ರ ನೆಲ ನೋಡುತ್ತಾ ನಿಂತಿದ್ದಳು. ನನ್ನ ಮಾತು ಮೀರುವ ಹುಡುಗಿಯಲ್ಲ ಎಂದು ನಾನು ಅರ್ಧ ಗೆದ್ದವಳ ಹಾಗೆ ಕಾದೆ. ಅವಳು ತಲೆಯೆತ್ತಿ, "ಹೊಟ್ಟೆ ನೋಯ್ತಿಲ್ಲ ಮೇಡಂ. ನಾನು ಓಯ್ತೀನಿ" ಎಂದಳು.

ಇಬ್ಬರೂ ಚೀಲ ಹೆಗಲಿಗೇರಿಸಿ ಕಾಡಿನ ದಾರಿ ಹಿಡಿದರು. ಮಹೇಶ ತಿರುಗಿ ಕೈ ಬೀಸಿದ, ನಾನೂ ಬೀಸಿದೆ. ಪವಿತ್ರ ತಿರುಗಲಿಲ್ಲ.

ಮಧ್ಯಾಹ್ನ ಹನ್ನೆರಡರವರೆಗೆ ಹೇಗೋ ತಡೆದೆ. ಊಟಕ್ಕೆ ಆಲೂಗಡ್ಡೆ ಬಂತು, ತಟ್ಟೆಯಲ್ಲೇ ಬಿಟ್ಟೆ. ಎಲ್ಲರೂ ತಟ್ಟೆ ತೊಳೆಯುತ್ತಿದ್ದಾಗ ನಾನು ಶೌಚಾಲಯದ ಕಡೆ ಹೋದವಳ ಹಾಗೆ ನಡೆದು, ಅಲ್ಲಿಂದ ಕಾಡಿಗೆ ನುಗ್ಗಿದೆ. ದೂರದಿಂದ ಒಂದು ಸಲ ನೋಡಿ ಬರುವುದು, ಅವಳಿಗೆ ತಿಳಿಯುವುದೇ ಬೇಡ, ಇದು ನನ್ನ ಯೋಜನೆ. ಬೆಳಿಗ್ಗೆ ಅವಳು ಯಾವ ಕಡೆ ತಿರುಗಿದಳೆಂದು ನೋಡಿಟ್ಟುಕೊಂಡಿದ್ದೆ. ಪೈನು, ಬರ್ಚು ಮರಗಳು ಒಂದರ ಹಾಗೆ ಇನ್ನೊಂದು. ಸೊಳ್ಳೆ ಎಂದರೆ ನಮ್ಮೂರ ಸೊಳ್ಳೆಗಳು ಕೈಮುಗಿಯಬೇಕು. ಅರ್ಧ ಗಂಟೆ ನಡೆದ ಮೇಲೆ ಮರಗಳ ಸಂದಿಯಲ್ಲಿ ಒಂದು ಹಸಿರು ಬಯಲು ಕಂಡಿತು, ಅದರಾಚೆ ಕಿತ್ತಳೆ ಬಟ್ಟೆ. ಬಯಲಿನಲ್ಲಿ ಹತ್ತಿಯ ಹಾಗೆ ಬೆಳ್ಳನೆಯ ಹೂವು. ಸೀರೆ ಎತ್ತಿಕಟ್ಟಿ ನೇರ ಹೆಜ್ಜೆ ಇಟ್ಟೆ.

ಅದು ಬಯಲಲ್ಲ, ಜೌಗು. ನಾಲ್ಕನೇ ಹೆಜ್ಜೆಗೆ ಎಡಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಎಳೆಯಲು ಬಲಗಾಲಿಗೆ ಭಾರ ಹಾಕಿದೆ, ಅದೂ ಹೋಯಿತು. ಎಳೆದಷ್ಟೂ ಇಳಿಯಿತು. ತಣ್ಣನೆಯ ನೀರು ತೊಡೆಗೆ ಬಂದಾಗ ನನ್ನ ಮರ್ಯಾದೆ, ಯೋಜನೆ ಎಲ್ಲ ಮರೆತು, ಪವಿತ್ರಾ ಎಂದು ಕಿರುಚಿದೆ.

ಅವಳು ಓಡಿ ಬಂದಳು. ಅಂಚಿನಲ್ಲೇ ನಿಂತು ಒಮ್ಮೆ ನೋಡಿ, ಬಿದ್ದಿದ್ದ ಎರಡು ಒಣಗಿದ ಕೊಂಬೆ ಎಳೆದು ತಂದು ನನ್ನ ಮುಂದೆ ಅಡ್ಡಲಾಗಿ ಹಾಕಿದಳು. "ಎಳೀಬ್ಯಾಡಿ ಮೇಡಂ. ಕೊಂಬೆ ಮ್ಯಾಲೆ ಎದೆ ಊರಿ. ಮೊದ್ಲು ಹಿಮ್ಮಡಿ ಎತ್ತಿ, ನಿಧಾನಕ್ಕೆ, ಕಾಲು ಆಮೇಲೆ ತಾನೇ ಬತ್ತದೆ." ನಾಟಿ ಗದ್ದೆಯಲ್ಲಿ ಹುಟ್ಟಿ ಬೆಳೆದವಳು, ಕೆಸರಿನ ಗುಣ ಅವಳಿಗೆ ಗೊತ್ತಿತ್ತು. ಹೇಳಿದಂತೆ ಮಾಡಿದೆ. ಶಿಬಿರದವರು ಕೊಟ್ಟಿದ್ದ ಬೂಟಿನಲ್ಲಿ ಒಂದು ಒಳಗೇ ಉಳಿಯಿತು, ನಾನು ಹೊರಗೆ ಬಂದೆ.

ಬದುಕಿಸಿದೆ ಮಗಳೇ ಎಂದು ಅವಳನ್ನು ತಬ್ಬಿಕೊಳ್ಳಲು ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ನೋಡಿ ಬೆಚ್ಚಿಬಿದ್ದೆ. ಅದು ಭಯವಲ್ಲ, ಸಿಟ್ಟು. ನಾನು ಆ ಹುಡುಗಿಯಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು.

"ಯಾಕೆ ಬಂದ್ರಿ ಮೇಡಂ?" ಎಂದಳು. "ನಾನು ಕರೀಲಿಲ್ವಲ್ಲ."

ನಿಯಮದ ಪ್ರಕಾರ ಜಾಗ ಬಿಟ್ಟ ಕ್ಷಣಕ್ಕೆ ಅವಳ ಪರೀಕ್ಷೆ ಮುಗಿದಿತ್ತು. ಸುಮಾರು ಐದು ಗಂಟೆ ಒಂಟಿಯಾಗಿದ್ದವಳು ಉಳಿದದ್ದನ್ನು ನನ್ನಿಂದ ಕಳೆದುಕೊಂಡಳು. ಅವಳು ಮುಂದೆ, ನಾನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು ಮೆತ್ತಿಕೊಂಡು ಹಿಂದೆ.

ಸಂಜೆ ಎಂಟಕ್ಕೆ ಉಳಿದ ಮಕ್ಕಳು ಬಂದರು. ಮಹೇಶ ಹೆಬ್ಬೆರಳು ಎತ್ತಿ, "ಸೂಪರ್ ಮೇಡಂ" ಎಂದ. ಅವನ ಕಣ್ಣು ಕೆಂಪಗಿದ್ದವು. ಬೆಂಕಿಯ ಹೊಗೆ ಇರಬೇಕು ಎಂದುಕೊಂಡು ನಾನು ನನ್ನ ಚಿಂತೆಗೆ ಮರಳಿದೆ.

ಐದನೇ ದಿನ

ಅಲ್ಲಿ ತಂಟೆ ತಕರಾರು ಏನೇ ಬಂದರೂ ತೀರ್ಮಾನಿಸುವುದು ಮಕ್ಕಳೇ. ಪ್ರತಿದಿನ ಬೆಳಿಗ್ಗೆ ಚೀಟಿ ಎತ್ತಿ ಐದು ಮಕ್ಕಳನ್ನು ಆರಿಸುತ್ತಾರೆ. ಆ ದಿನಕ್ಕೆ ಅವರೇ ಪಂಚಾಯ್ತಿ. ಜಾಣರು, ಪದಕದವರು ಎಂದೇನಿಲ್ಲ, ಚೀಟಿಯಲ್ಲಿ ಯಾರ ಹೆಸರು ಬಂತೋ ಅವರು. ಆ ಬೆಳಿಗ್ಗೆ ಮೊದಲ ಚೀಟಿ ಐನೊ. ನಾಲ್ಕನೆಯದು ಮಹೇಶ.

ಪವಿತ್ರ ತನಗೆ ಇನ್ನೊಂದು ಅವಕಾಶ ಬೇಕೆಂದು ಬರೆದು ಕೊಟ್ಟಿದ್ದಳು. ಅವಳ ಮುರುಕು ಇಂಗ್ಲಿಷಿನಲ್ಲಿ ಎರಡೇ ಸಾಲು. ತೀರ್ಮಾನಿಸುವ ಮುಂಚೆ ನನ್ನನ್ನು ಕರೆಸಬೇಕೆಂದು ಪಂಚಾಯ್ತಿ ಹೇಳಿತು. ನಾನು ಲೀನಾ ಕಡೆ ನೋಡಿದೆ, ಅವರು ನಿಟ್ಟಿಂಗ್ ಹಾಕುತ್ತಾ ಮೂಲೆಯಲ್ಲಿ ಕೂತಿದ್ದರು. ಇಪ್ಪತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು, ಮೊದಲ ಸಲ ಐದು ಮಕ್ಕಳ ಎದುರು ನಿಂತೆ. ಕೂತುಕೋ ಎಂದರು. ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಐನೊ ಕೇಳಿದಳು, ನಾನು ಉತ್ತರ ಹೇಳಿದೆ. ನಿಯಮ ಗೊತ್ತಿತ್ತು. ಮೀರಿದೆ. ತಂದೆಗೆ ಮಾತು ಕೊಟ್ಟಿದ್ದೆ. ಭಯವಾಯಿತು. ಪವಿತ್ರ ಸೀಟಿ ಊದಿದ್ದಳೇ ಎಂದಳು. ಇಲ್ಲ ಎಂದೆ. ದನಿ ಜೋರಿರಲಿಲ್ಲ, ಅವಮಾನ ಮಾಡುವ ಉದ್ದೇಶವೂ ಇರಲಿಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಮೇಲೆ ಉಳಿದವರ ಅಭಿಪ್ರಾಯ. ಮಹೇಶನ ಸರದಿ ಬಂದಾಗ ಅವನು ಎದ್ದು ನಿಂತ, ನಾನು ಕಲಿಸಿದ ಹಾಗೆ ಎದೆ ಮುಂದೆ, ಕೈ ಹಿಂದೆ. ಗುರುಗಳು ತಾಯಿಯ ಸಮಾನ, ಅವರು ಮಾಡಿದ್ದೆಲ್ಲ ನಮ್ಮ ಒಳ್ಳೆಯದಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅದು ನಾನೇ ಬರೆದುಕೊಟ್ಟಿದ್ದ ಶಿಕ್ಷಕರ ದಿನಾಚರಣೆಯ ಭಾಷಣದ ಸಾಲು. ನನಗೆ ಉಸಿರು ಬಂತು. ಐನೊ ಅವನನ್ನೇ ನೋಡುತ್ತಿದ್ದಳು. ಇದು ನಿನಗೆ ಅನ್ನಿಸಿದ್ದಾ, ಹೇಳಬೇಕು ಅಂತ ಹೇಳಿದ್ದಾ ಎಂದಳು.

ಮಹೇಶ ನಿಂತೇ ಇದ್ದ. ಎಷ್ಟು ಹೊತ್ತಾದರೂ ಅಲ್ಲಿನವರು ಮಾತಿಗೆ ಆತುರಪಡುವುದಿಲ್ಲ. ಅವನ ಕೈ ಬೆನ್ನ ಹಿಂದಿನಿಂದ ಮುಂದೆ ಬಂದವು. ಅವನು ಪಂಚಾಯ್ತಿಯ ಕಡೆಯಿಂದ ನನ್ನ ಕಡೆ ತಿರುಗಿ, ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಕೇಳಿದ.

"ಮೇಡಂ, ಪವಿತ್ರನ ಹುಡುಕ್ಕೊಂಡು ಹೋದ್ರಿ. ನನ್ನ ಯಾಕೆ ನೋಡೋಕೆ ಬರ್ಲಿಲ್ಲ?"

ಅವನು ಉತ್ತರಕ್ಕೆ ಕಾಯಲಿಲ್ಲ.

"ನಂಗೂ ಭಯ ಆಗಿತ್ತು ಮೇಡಂ. ಎರಡು ಗಂಟೆ ಅತ್ತೆ. ಸೀಟಿ ಬಾಯಿಗೆ ಇಟ್ಕೊಂಡೇ ಇದ್ದೆ, ಊದೋಕೆ ನಾಚಿಕೆ ಆಯ್ತು. ಉತ್ತಮ ನಾಯಕ ಅಲ್ವಾ ನಾನು."

ಅಷ್ಟು ಹೇಳಿ ಕೂತ. ಆ ಕೋಣೆಯಲ್ಲಿ ಅವನ ಮಾತು ಅರ್ಥವಾದದ್ದು ನನಗೂ ಪವಿತ್ರಳಿಗೂ ಮಾತ್ರ. ಐನೊ, ಅವನು ಏನು ಹೇಳಿದ, ದಯವಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತೀಯಾ ಎಂದು ನನ್ನನ್ನೇ ಕೇಳಿದಳು.

ಹಿಂದಿನ ದಿನ ಅದೇ ಕನ್ನಡದ ಮರೆಯಲ್ಲಿ ಸುಳ್ಳು ಹೇಳಿಕೊಟ್ಟಿದ್ದೆ. ಈಗಲೂ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಮಹೇಶ ತನ್ನ ಅಂಗೈ ನೋಡುತ್ತಾ ಕೂತಿದ್ದ. ಪವಿತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಒಂದೊಂದೇ ಮಾತನ್ನು ಅವನು ಹೇಳಿದ ಹಾಗೇ ಇಂಗ್ಲಿಷಿಗೆ ತಂದು ಹೇಳಿದೆ. 'ನನ್ನ ಯಾಕೆ ನೋಡೋಕೆ ಬರ್ಲಿಲ್ಲ' ಎಂಬಲ್ಲಿಗೆ ಬಂದಾಗ ನನ್ನ ದನಿ ಒಡೆಯಿತು. ಯಾರೂ ಬಂದು ಬೆನ್ನು ತಟ್ಟಲಿಲ್ಲ, ಕರ್ಚೀಫು ಕೊಡಲಿಲ್ಲ. ಮುಗಿಸುವವರೆಗೂ ಕಾದರು.

ಹೌದಲ್ಲ, ಯಾಕೆ ಹೋಗಲಿಲ್ಲ? ಹುಡುಗಿಗೆ ಧೈರ್ಯ ಇರುವುದಿಲ್ಲ ಎಂದುಕೊಂಡಿದ್ದೆ. ಹುಡುಗನಿಗೆ ಭಯ ಇರುವುದಿಲ್ಲ ಎಂದುಕೊಂಡಿದ್ದೆ. ಇಬ್ಬರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಪಂಚಾಯ್ತಿ ಹೊರಗೆ ಹೋಗಿ ಮಾತಾಡಿಕೊಂಡು ಬಂದು ತೀರ್ಪು ಹೇಳಿತು. ಪವಿತ್ರಳಿಗೆ ಏಳನೇ ದಿನ ಮತ್ತೆ ಹನ್ನೆರಡು ಗಂಟೆ. ಅವಳ ಟೀಚರ್ ಕೂಡ ಒಪ್ಪುವುದಾದರೆ ಅದೇ ದಿನ ಹನ್ನೆರಡು ಗಂಟೆ ಕಾಡಿನಲ್ಲಿ ಒಂಟಿಯಾಗಿ ಇರಬೇಕು. ಶಿಕ್ಷೆಯಲ್ಲ ಎಂದು ಐನೊ ಎರಡು ಸಲ ಹೇಳಿದಳು. ದೊಡ್ಡವರಿಗೆ ಇದು ಏನೆಂದು ಗೊತ್ತಿಲ್ಲದಿದ್ದರೆ ಭಯವಾಗುವುದು ಸಹಜ, ಗೊತ್ತಾಗಲಿ ಎಂದು. ನನ್ನ ಮಗಳ ವಯಸ್ಸಿನವಳು.

ಒಪ್ಪಿದೆ.

ಏಳನೇ ದಿನ

ಜೌಗಿಲ್ಲದ ಜಾಗವನ್ನೇ ಕೊಟ್ಟಿದ್ದರು. ಕೈಗಡಿಯಾರ ಬಿಚ್ಚಿಸಿಕೊಂಡರು. ಮೊದಲ ಒಂದು ಗಂಟೆಯೋ ಎರಡು ಗಂಟೆಯೋ, ನಾನು ಬರೀ ಕೆಲಸ ಹುಡುಕಿದೆ. ಪ್ಲಾಸ್ಟಿಕ್ ಹಾಳೆ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಸುತ್ತಲಿನ ಒಣ ಎಲೆಗಳನ್ನು ಗುಡಿಸಿದೆ, ಕಾಡನ್ನು! ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ನನ್ನ ಅಮ್ಮನಿಗೆ ಔಷಧಿ ಕೊಡಬೇಕಿಲ್ಲ, ಗಂಡನ ಡಬ್ಬಿ ಕಟ್ಟಬೇಕಿಲ್ಲ, ಉತ್ತರ ಪತ್ರಿಕೆ ತಿದ್ದಬೇಕಿಲ್ಲ. ನನ್ನನ್ನು ಯಾರೂ ಕರೆಯುವುದಿಲ್ಲ. ಅದು ಗೊತ್ತಾದ ಕೂಡಲೇ ಹೆದರಿಕೆ ಶುರುವಾಯಿತು. ಕರಡಿಯ ಹೆದರಿಕೆಯಲ್ಲ. ಏನೆಂದು ನನಗೇ ತಿಳಿಯದು. ಕಣ್ಣು ಮುಚ್ಚಿ ಏಕಾಗ್ರತೆಯಿಂದ ಕೂತು ನೋಡಿದೆ, ಮಕ್ಕಳಿಗೆ ಹೇಳಿಕೊಟ್ಟ ಹಾಗೇ. ಎರಡು ನಿಮಿಷವೂ ಕೂರಲಾಗಲಿಲ್ಲ. ಹತ್ತು ನಿಮಿಷ ಕೂರಿಸುತ್ತಿದ್ದೆನಲ್ಲ, ಆ ಮಕ್ಕಳು ಏನು ಮಾಡುತ್ತಿದ್ದರೋ. ಬಹುಶಃ ನಾನು ಯಾವಾಗ ಮುಗಿಸುತ್ತೇನೆ ಎಂದು ಕಾಯುತ್ತಿದ್ದರು.

ನಂತರ ಅತ್ತೆ. ಆಮೇಲೆ ಹಸಿವಾಗಿ ಬ್ರೆಡ್ಡು ತಿಂದೆ. ಕಾಲ ಬುಡದಲ್ಲೇ ನೀಲಿ ಹಣ್ಣು ಗಿಡದ ತುಂಬಾ ಬಿಟ್ಟಿದ್ದವು. ಬಾಯಿ, ಬೆರಳು, ಸೆರಗು ಎಲ್ಲ ನೇರಳೆ ಬಣ್ಣವಾಗುವಷ್ಟು ತಿಂದೆ. ಸಂಜೆ ಕರೆಯಲು ಬಂದವರ ಹೆಜ್ಜೆ ಕೇಳಿದಾಗ, ಇಷ್ಟು ಬೇಗ ಆಗಿಹೋಯಿತಾ ಎನ್ನಿಸಿ ನನಗೇ ಆಶ್ಚರ್ಯವಾಯಿತು.

ಪವಿತ್ರ ನನಗಿಂತ ಮುಂಚೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಸಿಟ್ಟು ಇಳಿದಿತ್ತು. ನಾನು ಹತ್ತಿರ ಕೂತು ಕ್ಷಮಿಸು ಎಂದೆ. ವಿದ್ಯಾರ್ಥಿಯೊಬ್ಬಳಿಗೆ ಆ ಮಾತು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವಳು ಕಂಗಾಲಾಗಿ, ಅಯ್ಯೋ ಬಿಡಿ ಮೇಡಂ ಎಂದಳು. ಹನ್ನೆರಡು ಗಂಟೆ ಏನು ಮಾಡಿದೆ ಎಂದು ಕೇಳಿದೆ. ಹೊಸ ಯೋಚನೆ, ಗುರಿ, ಸಂಕಲ್ಪ ಅಂತ ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ.

"ನಿದ್ದೆ ಮಾಡ್ದೆ ಕಣಿ ಮೇಡಂ" ಎಂದಳು. "ಅಗಲೊತ್ತು ಮನ್ಗಿದ್ದು ನಂಗೆ ಗೆಪ್ತೀನೇ ಇಲ್ಲ. ಯಾರೂ ಏಳಿಸ್ಲಿಲ್ಲ."

ಅಷ್ಟು ಹೇಳಿ ನಕ್ಕಳು. ನಾನೂ ನಕ್ಕೆ, ಆದರೆ ಆ ಮಾತು ನನ್ನೊಳಗೆ ಬಹಳ ದಿನ ಚುಚ್ಚುತ್ತಿತ್ತು.

ವಿಮಾನದಲ್ಲಿ

ವಾಪಸು ಬರುವಾಗ ಮಹೇಶ ನನ್ನ ಪಕ್ಕದ ಸೀಟಿನಲ್ಲಿದ್ದ. ಪಂಚಾಯ್ತಿಯ ನಂತರ ಅವನು ನನ್ನಿಂದ ಸ್ವಲ್ಪ ದೂರವೇ ಇದ್ದ. ಕಾಡಿನಲ್ಲಿ ನಾನೂ ಅತ್ತ ವಿಷಯ ಅವನಿಗೆ ಹೇಳಿದೆ. ಅವನು, ಮುಂದಿನ ಶಿಬಿರದಲ್ಲಿ ಫಿನ್‌ಲ್ಯಾಂಡಿನ ಬಗ್ಗೆ ತಾನು ಮಾತಾಡಬೇಕಲ್ಲವೇ ಎಂದು ಕೇಳಿದ. ಹೌದು ಎಂದೆ. ಭಾಷಣ ನೀವು ಬರೆಯಬೇಡಿ ಮೇಡಂ ಎಂದ. ಬರೆಯುವುದಿಲ್ಲ ಎಂದೆ.

ಹಾಸನದಲ್ಲಿ ಚಂದ್ರಣ್ಣ ಕಾದಿದ್ದರು. ಮಗಳ ಮೈಕೈ ಮುಟ್ಟಿ ನೋಡಿ, ಸೊರಗಿಲ್ಲ ಎಂದು ಸಮಾಧಾನಪಟ್ಟರು. ಕಾಡಿನ ಕಥೆಯನ್ನು ಮಗಳೇ ಹೇಳಿದಳಂತೆ. ಆ ಮನುಷ್ಯ ನನ್ನ ಮೇಲೆ ಜಗಳಕ್ಕೆ ಬರುತ್ತಾರೆಂದು ಎರಡು ವಾರ ಕಾದೆ, ಬರಲಿಲ್ಲ. ಮೂರನೇ ವಾರ ಪವಿತ್ರ ಪಿಯುಸಿಗೆ ಹಾಸನದ ಹಾಸ್ಟೆಲ್ಲಿಗೆ ಸೇರಿದಳೆಂದು ತಿಳಿಯಿತು. ಸೇರುತ್ತೇನೆ ಎಂದು ಅವಳೇ ಕೇಳಿದಳಂತೆ.

ಚನ್ನರಾಯಪಟ್ಟಣ

ಆಗಸ್ಟ್‌ನಲ್ಲಿ ಶಿಬಿರ. ಅದೇ ಹಾಲ್, ಅದೇ ಜಮಖಾನೆ, ಅರವತ್ತು ಮಕ್ಕಳು. ಹಿಂದಿನ ಸಾಲಿನಲ್ಲಿ ಕೆಲವು ತಾಯಿತಂದೆಯರು, ಅವರಲ್ಲಿ ಮಹೇಶನ ಅಪ್ಪನೂ ಇದ್ದರು, ಮಗನ ವಿದೇಶದ ಭಾಷಣ ಕೇಳಲು ಅಂಗಡಿ ಬಿಟ್ಟು ಬಂದಿದ್ದರು. ನಾನು ಪಕ್ಕದಲ್ಲಿ ಕೂತೆ. ಅವನು ಏನು ಹೇಳುತ್ತಾನೆ ಎಂದು ನನಗೂ ಗೊತ್ತಿರಲಿಲ್ಲ.

ಮಹೇಶ ಮೈಕು ತೆಗೆದುಕೊಳ್ಳಲಿಲ್ಲ. ವಿಮಾನ, ಕೆರೆ, ಸೊಳ್ಳೆ ಎಲ್ಲ ಹೇಳಿ ನಗಿಸಿದ. ಕಾಡಿಗೆ ಬಿಟ್ಟ ದಿನದ ಮಾತಿಗೆ ಬಂದ. "ನಾನು ಅತ್ತೆ" ಎಂದ. "ನಂಗೆ ಒಬ್ಬನೇ ಇರೋಕೆ ಭಯ. ಈಗ್ಲೂ ಭಯ. ಸ್ಟೇಜ್ ಮೇಲೆ ನಿಂತಾಗಿನ ಗಂಟಲು ಬೇರೆ, ಅದು ಬೇರೆ."

ಅವನ ಅಪ್ಪ ತಲೆ ತಗ್ಗಿಸಿದ್ದು ಕಂಡಿತು. ಎದ್ದು ಏನಾದರೂ ಒಳ್ಳೆಯ ಮಾತು ಸೇರಿಸಿ ಸರಿಮಾಡೋಣ ಎಂದು ಹಳೆಯ ಚಟಕ್ಕೆ ನನ್ನ ಕಾಲು ನೆಲ ಒತ್ತಿತು. ಕೂತೇ ಇದ್ದೆ. ಅದು ನನಗೆ ಜೌಗಿನಿಂದ ಕಾಲು ಕೀಳುವುದಕ್ಕಿಂತ ಕಷ್ಟವಾಯಿತು.

ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಹುಡುಗಿ ಕೈಯೆತ್ತಿದಳು. ತನ್ನ ಭಯವೇನೆಂದು ಹೇಳಿದಳು. ಅದು ಅವಳದ್ದು, ಇಲ್ಲಿ ಬರೆಯುವುದಿಲ್ಲ. ಅವಳು ಮುಗಿಸುವ ಮುಂಚೆಯೇ ಮೂರನೇ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು, ಅದರ ಪಕ್ಕದಲ್ಲಿ ಇನ್ನೊಂದು. ಮಹೇಶ ಯಾರಿಗೂ ಉತ್ತರ ಹೇಳಲಿಲ್ಲ, ಒಬ್ಬೊಬ್ಬರ ಕಡೆ ತಿರುಗಿ ಕೇಳಿಸಿಕೊಂಡ. ಮಧ್ಯಾಹ್ನದ ಊಟ ಒಂದು ಗಂಟೆ ತಡವಾಯಿತು.

ಎಲ್ಲರೂ ಎದ್ದ ಮೇಲೆ ನಾನು ಮೊದಲು ಕೈಯೆತ್ತಿದ ಹುಡುಗಿಯ ಹತ್ತಿರ ಹೋಗಿ, ಹೊಸದಾಗಿ ಬಂದಿದ್ದೀಯಾ, ನಿನ್ನ ಹೆಸರೇನಮ್ಮ ಎಂದು ಕೇಳಿದೆ. ಅವಳು ಹೆಸರು ಹೇಳಿದಳು.

ನನ್ನ ಶಿಬಿರಕ್ಕೆ ಅದು ಅವಳ ಐದನೇ ಸಲವಂತೆ.